ಜವಳಕ್ಕೆ ಹೋದವರು

ಉಮಾಮಹೇಶ್ವರಿಗೆ ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ಮದುವೆಗೆ ಮೊದಲು. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೂ, ಮಗುವಾದ ಮೇಲೂ ಆ ಕೆಲಸ ಉಳಿದದ್ದು ಕಸ್ತೂರಮ್ಮನಿಂದ. ಹೀಗಂತ ಉಮಾ ತಾನೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ಶಾಲೆಯ ಬೇರೆ ಟೀಚರುಗಳು ಊಟದ ಡಬ್ಬಿ ಬಿಚ್ಚುವಾಗ ಅತ್ತೆಯ ಕಾಟ, ನಾದಿನಿಯ ಕಾಟ ಅಂತ ಗೋಳು ತೋಡಿಕೊಂಡರೆ, "ನಮ್ಮಕ್ಕ ಇರೋತನಕ ನನಗೇನು ಚಿಂತೆ ಇಲ್ಲ ಕಣ್ರೀ" ಅನ್ನುತ್ತಿದ್ದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಹಳೇಪೇಟೆಯ ಆ ದೊಡ್ಡ ಮನೆಯಲ್ಲಿ ಇದ್ದವರು ಎರಡು ಜೋಡಿ ಮಾತ್ರ. ಹಿರಿಯರು ಬಕ್ಕೇಶಪ್ಪನವರು, ಚೌಕಿಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಮಾತು ಕಡಿಮೆ, ಸಿಟ್ಟು ಜಾಸ್ತಿ ಅಂತ ಪೇಟೆಯಲ್ಲೆಲ್ಲ ಹೆಸರು. ಅವರ ತಮ್ಮ ವಾಮದೇವಪ್ಪ, ಉಮಾಳ ಗಂಡ, ಅದೇ ಅಂಗಡಿಯಲ್ಲಿ ಥಾನು ಬಿಚ್ಚಿ ಅಳೆದು ಕೊಡುತ್ತಿದ್ದ. ಒಳ್ಳೆಯ ಮನುಷ್ಯ, ಮೆತ್ತನೆಯ ಮನುಷ್ಯ. ದೊಡ್ಡವರು ಏನು ಹೇಳಿದರೂ ಹೂಂ ಅನ್ನುವವನು. ಕಸ್ತೂರಮ್ಮನ ತವರು ಹರಿಹರದಾಚೆಯ ಭಾನುವಳ್ಳಿ. ಮದುವೆಯಾಗಿ ವರ್ಷಗಳು ಉರುಳಿದ್ದರೂ ಆಕೆಯ ಮಡಿಲು ತುಂಬಿರಲಿಲ್ಲ. "ಈ ಮನ್ಯಾಗ ಒಂದು ಕೂಸು ಆಡ್ಲಪ್ಪಾ" ಅಂತ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಕೆ ಹೊತ್ತಿದ್ದಳು. ಕೂಸು ಹುಟ್ಟಿದ್ದು ಉಮಾಳಿಗೆ. ಗಂಡು. ಅಜ್ಜಯ್ಯನ ಹೆಸರನ್ನೇ ಇಟ್ಟು ಕರಿಬಸವರಾಜ ಅಂತ ಕರೆದರು. ಹೆಸರಿಡುವ ದಿನ ತೊಟ್ಟಿಲ ಹಗ್ಗ ಹಿಡಿದು ನಿಂತ ಕಸ್ತೂರಮ್ಮನ ಮುಖದ ಕಳೆ ನೋಡಿ ಉಮಾಳಿಗೂ ಕಣ್ಣು ತುಂಬಿ ಬಂದಿತ್ತು.

ಬಾಣಂತನದ ರಜೆ ಮುಗಿಯುತ್ತ ಬಂದಾಗ ಉಮಾ ಕೆಲಸ ಬಿಡುವ ಮನಸ್ಸು ಮಾಡಿದ್ದಳು. ತಡೆದವಳು ಕಸ್ತೂರಮ್ಮ.

"ಬಿಡಬ್ಯಾಡ ಉಮಾ. ಓದಿದ್ದನ್ನ ಒಲಿಗೆ ಹಾಕ್ತೀಯೇನು? ನಾನೇನು ಮನ್ಯಾಗ ನೊಣ ಹೊಡೀತಾ ಕೂತಿರ್ತೀನಿ. ಕೂಸು ನನ್ನ ಹತ್ರ ಇರ್ಲಿ. ನೀ ನೆಮ್ಮದಿಯಾಗಿ ಹೋಗಿ ಬಾ."

"ಭಾವಾರು ಏನಂತಾರೋ ಅಕ್ಕಾ?"

"ಅವರನ್ನ ನನಗೆ ಬಿಡು."

ಬಕ್ಕೇಶಪ್ಪನವರಿಗೆ ಮನೆಯ ಹೆಂಗಸು ಹೊರಗೆ ದುಡಿಯುವುದು ಸೇರದು. ಅಂದು ಊಟಕ್ಕೆ ಕೂತಾಗ ಕಸ್ತೂರಮ್ಮ ಅವರೊಡನೆ ವಾದಕ್ಕಿಳಿದದ್ದನ್ನು ಉಮಾ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. "ಆಕಿ ಮಗನ್ನ ಸಾಕಾಕ ನಾನಿಲ್ಲೇನು?" ಅಂತ ಕಸ್ತೂರಮ್ಮ ದನಿ ಎತ್ತಿ ಕೇಳಿದ್ದಳು. ಯಾವ ಅಕ್ಕ ತಂಗಿಗಾಗಿ ಇಷ್ಟು ಮಾಡುತ್ತಾಳೆ ಅನ್ನಿಸಿತು ಉಮಾಳಿಗೆ.

ಬೆಳಿಗ್ಗೆ ಹತ್ತಿಗಿರಣಿ ಕೂಗುವ ಹೊತ್ತಿಗೆ ಉಮಾ ಸೀರೆ ಉಟ್ಟು ತಯಾರಾಗಿರಬೇಕು. ಕೂಸನ್ನು ಕಸ್ತೂರಮ್ಮನ ಕೈಗೆ ಕೊಟ್ಟು, ಸ್ಟೇಷನ್ನಿಗೆ ಬಿರಬಿರನೆ ನಡೆದು, ಹರಿಹರದ ರೈಲು ಹಿಡಿಯಬೇಕು. ಮೊದಲಿಗೆ ಬಲು ಕಷ್ಟವಾಯಿತು. ಪಾಠ ಹೇಳುತ್ತಿರುವಾಗಲೇ ಎದೆ ಬಿಗಿದು ಕುಪ್ಪಸ ತೊಯ್ಯುತ್ತಿತ್ತು. ಸೆರಗು ಎಳೆದುಕೊಂಡು ಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಸಂಜೆ ಓಡೋಡಿ ಮನೆಗೆ ಬಂದರೆ ಕೂಸು ಒಳಲೆಯಲ್ಲಿ ಆಕಳ ಹಾಲು ಕುಡಿದು ಮಲಗಿರುತ್ತಿತ್ತು.

"ಎಬ್ಬಿಸಬ್ಯಾಡ, ಈಗಿನ್ನ ಕಣ್ಣು ಮುಚ್ಚ್ಯಾನೆ," ಅನ್ನುತ್ತಿದ್ದಳು ಕಸ್ತೂರಮ್ಮ.

ಉಮಾ ಹಿತ್ತಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಬರುಬರುತ್ತ ಹಾಲು ಬತ್ತಿತು, ಕಷ್ಟವೂ ಕಳೆಯಿತು.

ಕೂಸಿಗೆ ಮಾತು ಬಂದಾಗ ಕಸ್ತೂರಮ್ಮನನ್ನು "ಅವ್ವ" ಅಂದಿತು. ಉಮಾಳನ್ನು ಬೆರಳು ಮಾಡಿ ತೋರಿಸಿ "ಚಿಗವ್ವ" ಅಂದಿತು, ಅಂದರೆ ಚಿಕ್ಕಮ್ಮ. ಎಲ್ಲರೂ ನಕ್ಕರು. ಉಮಾಳೂ ನಕ್ಕಳು.

"ಕೂಸಿಗೇನು ತಿಳೀತೈತೆ? ದೊಡ್ಡವನಾದ ಮ್ಯಾಲೆ ತಾನೇ ತಿದ್ದಿಕೆಂತಾನೆ," ಅಂದಳು ಕಸ್ತೂರಮ್ಮ.

ಹಲ್ಲು ಬರುವಾಗ ಅವನು ರಾತ್ರಿಯೆಲ್ಲ ಅಳುತ್ತಾನೆ, ನಿನಗೆ ಬೆಳಿಗ್ಗೆ ಎದ್ದು ಹೋಗಬೇಕು ಅಂತ ಅವನ ಹಾಸಿಗೆಯನ್ನು ತನ್ನ ಕೋಣೆಗೆ ಸಾಗಿಸಿಕೊಂಡಳು. ಹಲ್ಲು ಬಂದ ಮೇಲೂ ಹಾಸಿಗೆ ಹಿಂದಕ್ಕೆ ಬರಲಿಲ್ಲ. ಉಮಾ ಅದನ್ನು ಕೇಳಲೂ ಇಲ್ಲ. ಕೇಳಿದರೆ ಮಾಡಿದ ಉಪಕಾರಕ್ಕೆ ಲೆಕ್ಕ ಹಿಡಿದಂತಾಗುತ್ತದೆ ಅಂತ ಸಂಕೋಚ.

ಆ ವರ್ಷ ಕಾರ್ತಿಕದ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ ಹುಡುಗನ ಜವಳ ತೆಗೆಸುವುದು, ಅಂದರೆ ಹುಟ್ಟುಗೂದಲನ್ನು ಅಜ್ಜಯ್ಯನಿಗೆ ಒಪ್ಪಿಸುವುದು ಅಂತ ಕಸ್ತೂರಮ್ಮ ಗೊತ್ತುಮಾಡಿದಳು. ಅದೇ ದಿನ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು.

"ಮುಂದಿನ ಅಮಾಸಿಗೆ ಹೋಗಾಣ ಅಕ್ಕಾ. ಅವತ್ತು ರಜೆ ಕೊಡಲ್ಲ."

"ಹರಕಿ ಮುಂದಕ್ಕೆ ಹಾಕಬಾರದವ್ವ. ಕೂಸಿನ ಮ್ಯಾಲೆ ಬರ್ತೈತೆ."

"ಹೆತ್ತೋಳು ನಾನೇ ಇಲ್ದೆ ಹೆಂಗೆ? ನನಗೆ ಅಣ್ಣ ತಮ್ಮಂದಿರೂ ಇಲ್ಲ. ಸೋದರಮಾವ ಆಗಿ ಕೂಡ್ರೋರು ಯಾರು?"

"ನಮ್ಮಣ್ಣ ಬರ್ತಾನೆ ಭಾನುವಳ್ಳಿಯಿಂದ. ಅವನೇ ಸೋದರಮಾವ ಅಂದ್ಕ. ಎಲ್ಲಾ ಹೊಂದಿಸೀನಿ. ನೀ ತಲಿ ಕೆಡಿಸಿಕೆಳ್ಳಬ್ಯಾಡ."

ಉಮಾ ಗಂಡನ ಮುಖ ನೋಡಿದಳು. ವಾಮದೇವಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. "ಅತ್ತಿಗಿ ಹೇಳ್ತಾರಲ್ಲ," ಅಂದ, ತಲೆ ಎತ್ತದೆ.

ಅಮಾವಾಸ್ಯೆಯ ದಿನ ಅವರೆಲ್ಲ ಹರಿಹರದ ಮೇಲೆಯೇ ಹೋದರು. ಅವರ ಬಾಡಿಗೆ ಕಾರು ಶಾಲೆಯ ಮುಂದಿನ ರಸ್ತೆಯಲ್ಲೇ ದಾಟಿರಬೇಕು. ಒಳಗೆ ಉಮಾ ಇನ್ಸ್‌ಪೆಕ್ಟರ ಎದುರು ಮಕ್ಕಳಿಂದ ನದಿಗಳ ಹೆಸರು ಹೇಳಿಸುತ್ತಿದ್ದಳು.

ಸಂಜೆ ಮನೆಗೆ ಬಂದಾಗ ಹುಡುಗನ ಬೋಳುತಲೆಗೆ ಗಂಧ ಬಳಿದಿತ್ತು. ಸೊಂಟದಲ್ಲಿ ಹೊಸ ಬೆಳ್ಳಿ ಉಡಿದಾರ ಹೊಳೆಯುತ್ತಿತ್ತು. ಅವನ ತಲೆ ಸವರಿ ಉಮಾ ನಕ್ಕಳು. ವಾಮದೇವಪ್ಪ ಬೇಗ ಉಂಡು ಬೇಗ ಮಲಗಿದ. ಬಕ್ಕೇಶಪ್ಪನವರು ಮಾತ್ರ ಎಂದೂ ಮಾಡದ ಒಂದು ಕೆಲಸ ಮಾಡಿದರು. ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಆದರೂ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಯ ಕಡೆ ಮುಖ ಮಾಡಿ, "ಉಮವ್ವಗೆ ಹೇಳು ಕಸ್ತೂರಿ, ಆಕಿ ಉಪಕಾರ ಈ ಮನಿ ಮರಿಯಲ್ಲ," ಅಂದು ಹೋದರು.

"ಯಾವ ಉಪಕಾರ ಅಕ್ಕಾ?"

"ಮನಿತನಕ್ಕೆ ಗಂಡು ಕೊಟ್ಟೀಯಲ್ಲ, ಅದಕ್ಕೆ," ಅಂದಳು ಕಸ್ತೂರಮ್ಮ, ಒಲೆಯ ಉರಿ ಮುಂದಕ್ಕೆ ತಳ್ಳುತ್ತ.

ಕಟುಕ ಅಂತ ತಿಳಿದಿದ್ದ ಭಾವನ ಬಾಯಲ್ಲಿ ಅಂಥ ಮಾತು ಬಂತಲ್ಲ ಅಂತ ಉಮಾ ಹಿಗ್ಗಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಭಾನುವಳ್ಳಿಯ ಹಂಪವ್ವ ಶಾಲೆಗೆ ಬಂದಳು. ಅವಳ ಮಗಳು ಹರಿಹರದ ನೆಂಟರ ಮನೆಯಲ್ಲಿದ್ದು ಉಮಾಳ ಕ್ಲಾಸಿನಲ್ಲಿ ಓದುತ್ತಿದ್ದಳು. ಮಗಳಿಗೆ ರೊಟ್ಟಿಯ ಗಂಟು ಕೊಟ್ಟು ಕಳಿಸಿ, ಹಂಪವ್ವ ಉಮಾಳ ಎರಡೂ ಕೈ ಹಿಡಿದುಕೊಂಡಳು.

"ಟೀಚರಮ್ಮಾರೆ, ನಿಮ್ಮ ಪಾದ ಮುಟ್ಟಬೇಕು ನೋಡ್ರಿ."

"ಯಾಕ್ರೀ ಹಂಪವ್ವ, ಅಂಥಾದ್ದು ನಾನೇನು ಮಾಡಿದೆ?"

"ಹೆತ್ತ ಕೂಸನ್ನ ನೆಗೆಣ್ಣಿ ಉಡಿಗೆ ಹಾಕಾದು ಅಂದ್ರೆ ಸಣ್ಣ ಮಾತೇನ್ರಿ? ಕಸ್ತೂರಿ ನಮ್ಮೂರ ಹೆಣ್ಣುಮಗಳು. ನಾವೆಲ್ಲಾ ಹೋಗಿದ್ವಿ ಅವತ್ತು ಉಕ್ಕಡಗಾತ್ರಿಗೆ. ನಿಮ್ಮ ಯಜಮಾನ್ರು ಕೂಸನ್ನೆತ್ತಿ ಆಕಿ ಉಡಿಯಾಗ ಇಟ್ಟಾಗ ಎಲ್ಲಾರ ಕಣ್ಣಾಗೂ ನೀರು. ನೀವು ಕಣ್ಣಾರೆ ನೋಡಲಾರೆ ಅಂತ ಬರಲಿಲ್ಲಂತೆ. ನಾನಾಗಿದ್ರೂ ಬರ್ತಿರಲಿಲ್ಲ ಬಿಡ್ರಿ."

ಉಮಾಳಿಗೆ ಅರ್ಥವಾಗಲಿಲ್ಲ. ಈ ಹೆಂಗಸು ಬೇರೆ ಯಾರದೋ ಸುದ್ದಿ ನನ್ನ ತಲೆಗೆ ಕಟ್ಟುತ್ತಿದ್ದಾಳೆ ಅಂದುಕೊಂಡಳು.

"ಇಲ್ರಿ. ನಮ್ಮೋರು ಹೋಗಿದ್ದು ಜವಳ ತೆಗೆಸಾಕ."

"ಜವಳಾನೂ ಆತು. ಅದಾದ ಮ್ಯಾಲೆ ದತ್ತು. ನಮ್ಮೂರ ಅಯ್ಯನೋರೇ ಕೂತು ಮಾಡಿಸಿದ್ರು. ಆಮ್ಯಾಲೆ ಹೋಳಿಗಿ ಊಟ..." ಹಂಪವ್ವನ ಮಾತು ಅಲ್ಲಿಗೇ ನಿಂತಿತು. ಉಮಾಳ ಮುಖ ನೋಡಿ ಅವಳಿಗೆ ಏನೋ ತಿಳಿದುಹೋಯಿತು. "ನಿಮಗೆ ಗೊತ್ತಿರಲಿಲ್ಲೇನ್ರಿ? ಅಯ್ಯೋ ಶಿವನೇ!"

ಉಮಾ ಜಗಲಿಯ ಕಂಬ ಹಿಡಿದು ಕೂತಳು. ಯಾರೋ ನೀರು ತಂದರು. ಹೆಡ್‌ಮಿಸ್ಟ್ರೆಸ್ ಅನ್ನಪೂರ್ಣಮ್ಮ ಬಂದು ಹಂಪವ್ವನಿಂದ ಎಲ್ಲ ಕೇಳಿ ತಿಳಿದುಕೊಂಡರು. ಆಕೆ ವಿಧವೆ, ತಮ್ಮ ಆಸ್ತಿಗಾಗಿ ಕೋರ್ಟು ಹತ್ತಿ ಇಳಿದವರು.

"ನೋಡವ್ವ," ಅಂದರು. "ಹಿಂದಿನ ಕಾಲ ಅಲ್ಲ ಇದು. ಈಗ ಹೊಸ ಕಾನೂನು ಬಂದೈತೆ. ಹೆಂಡತಿ ಒಪ್ಪಿಗೆ ಇಲ್ದೆ ಗಂಡ ಮಗನ್ನ ದತ್ತು ಕೊಡಾಕ ಬರಲ್ಲ. ನೀನು ಒಪ್ಪಿದ್ದೇನು?"

"ನನ್ನನ್ನ ಕೇಳಿದ್ರಲ್ಲವೇ ಒಪ್ಪಾದು?"

"ಹಂಗಾದ್ರೆ ಈಗಲೇ ಮನಿಗೆ ಹೋಗು."

ಮಧ್ಯಾಹ್ನದ ಬಸ್ಸು ಹತ್ತಿ ಉಮಾ ದಾವಣಗೆರೆಗೆ ಬಂದಳು. ಅಷ್ಟು ಬೇಗ ಅವಳು ಎಂದೂ ಮನೆಗೆ ಬಂದವಳಲ್ಲ. ನಡುಮನೆಯಲ್ಲಿ ಕಸ್ತೂರಮ್ಮ ಗೋಡೆಗೊರಗಿ ಕೂತು, ಹುಡುಗನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಅನ್ನ ಉಣಿಸುತ್ತಿದ್ದಳು. ಉಮಾಳನ್ನು ನೋಡಿದವಳೇ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದಳು. ಏನಾಯಿತು, ಯಾಕೆ ಬಂದೆ ಅಂತ ಕೇಳಲಿಲ್ಲ. ಆ ಕೇಳದಿರುವಿಕೆಯಲ್ಲೇ ಉಮಾಳಿಗೆ ಹಂಪವ್ವ ಹೇಳಿದ್ದೆಲ್ಲ ನಿಜ ಅಂತ ಗಟ್ಟಿಯಾಯಿತು.

"ಅಕ್ಕಾ, ಉಕ್ಕಡಗಾತ್ರ್ಯಾಗ ಏನು ಮಾಡಿ ಬಂದ್ರಿ?"

ಕಸ್ತೂರಮ್ಮ ತುತ್ತನ್ನು ಹುಡುಗನ ಬಾಯಿಗಿಟ್ಟು, ಅವನು ನುಂಗುವ ತನಕ ಕಾದಳು.

"ಇವತ್ತಲ್ಲ ನಾಳೆ ತಿಳೀಲೇಬೇಕಿತ್ತು. ನಾನೇ ಹೇಳೋಳಿದ್ದೆ."

"ಯಾವಾಗ? ಅವನ ಮದುವೆ ದಿನಾನಾ?"

"ದನಿ ಎತ್ತಬ್ಯಾಡ, ಕೂಸು ಬೆದರ್ತಾನೆ." ಕಸ್ತೂರಮ್ಮ ಹುಡುಗನ ತುಟಿ ಒರೆಸಿದಳು. "ಹರಕಿ ಹೊತ್ತೋಳು ನಾನು ಉಮಾ. ಅಜ್ಜಯ್ಯ ಕೊಟ್ಟಿದ್ದು ನನಗೆ. ನಿನ್ನ ಹೊಟ್ಟಿಯಿಂದ ಬಂದ ಅಷ್ಟೆ. ಜ್ವರ ಬಂದಾಗ ಎದಿ ಮ್ಯಾಲೆ ಹಾಕ್ಕೆಂಡು ಕೂತೋಳು ಯಾರು? ಅವನು ಮೊದಲ ಹೆಜ್ಜಿ ಇಟ್ಟಿದ್ದು ಯಾರ ಮುಂದೆ? ನೀನು ರೈಲಿನಾಗಿದ್ದಿ."

"ನೀವೇ ಹೋಗು ಅಂದ್ರಿ! ಬಿಡ್ತೀನಿ ಅಂದ್ರೂ ಬಿಡಬ್ಯಾಡ ಅಂದ್ರಿ!"

"ಹೌದು. ಹೋಗು ಅಂದೆ," ಅಂದಳು ಕಸ್ತೂರಮ್ಮ. "ನೀನು ಹೋದಿ."

ಚಿಗವ್ವ ಅನ್ನುವ ಮಾತು ಕೂಸಿಗೆ ತಾನಾಗಿ ಬಂದದ್ದಲ್ಲ, ಯಾರೋ ಕೂತು ಕಲಿಸಿದ್ದು ಅನ್ನುವುದು ಉಮಾಳಿಗೆ ಈಗ ಹೊಳೆಯಿತು. ಅವಳು ಬಗ್ಗಿ ಹುಡುಗನನ್ನು ಎತ್ತಿಕೊಳ್ಳಲು ಹೋದಳು. ಅವನು ಕಿಟಾರನೆ ಕಿರುಚಿ ಕಸ್ತೂರಮ್ಮನ ಕೊರಳ ಸರ ಹಿಡಿದು ಜೋತುಬಿದ್ದ.

"ನನ್ನನ್ನೇನು ಕೇಳ್ತಿ? ಕೂಸನ್ನ ಎತ್ತಿ ಕೊಟ್ಟಿದ್ದು ನಿನ್ನ ಗಂಡನ ಕೈ. ಹೋಗಿ ಅವನನ್ನ ಕೇಳು," ಅಂದಳು ಕಸ್ತೂರಮ್ಮ.

"ಕೇಳ್ತೀನಿ. ನೀನು ಇಲ್ಲೇ ಇರು," ಅಂದಳು ಉಮಾ. ಅಕ್ಕನಿಗೆ ಅವಳು 'ನೀನು' ಅಂದದ್ದು ಅದೇ ಮೊದಲು.

ಚೌಕಿಪೇಟೆಯಲ್ಲಿ ವ್ಯಾಪಾರದ ಹೊತ್ತು. ಅಂಗಡಿಯಲ್ಲಿ ಮದುವೆಯ ಸೀರೆಗೆ ಬಂದವರು ಗಾದಿಯ ತುಂಬ ಕೂತಿದ್ದರು. ಮನೆಯ ಸೊಸೆ ಒಬ್ಬಳೇ, ಬಿಸಿಲಲ್ಲಿ, ತಲೆಯ ಮೇಲಿನ ಸೆರಗೂ ಜಾರಿಹೋಗಿ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನೋಡಿ ವಾಮದೇವಪ್ಪ ಅಳೆಯುವ ಗಜ ಕೈಯಲ್ಲಿ ಹಿಡಿದೇ ಎದ್ದು ನಿಂತ.

"ಯಾಕ ಉಮಾ? ಮನಿಗೆ ನಡಿ, ಅಲ್ಲಿ ಮಾತಾಡಾಣ."

ಅವಳು ಅವನನ್ನು ದಾಟಿ ಒಳಗಿನ ಮೂಲೆಗೆ ಹೋದಳು. ಅಲ್ಲಿ ಬಕ್ಕೇಶಪ್ಪನವರು ಕೂತಿದ್ದರು. ಜೀವಮಾನದಲ್ಲಿ ಆ ಮನುಷ್ಯನ ಮುಖ ನೋಡಿ ಮಾತಾಡಿದವಳಲ್ಲ.

"ಭಾವಾರೆ, ನನ್ನ ಮಗನ್ನ ನೀವು ದತ್ತು ತಗಂಡೀರಂತೆ. ನನಗೆ ಯಾರೂ ಹೇಳಲಿಲ್ಲ. ನಾನು ಒಪ್ಪಿಲ್ಲ."

ಗಾದಿಯ ಮೇಲಿನ ಹೆಂಗಸರು ಸೀರೆ ಮುಟ್ಟುವುದನ್ನು ನಿಲ್ಲಿಸಿದರು. ಬಕ್ಕೇಶಪ್ಪನವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಈಗ ಬೈಗುಳ ಬೀಳುತ್ತದೆ ಅಂತ ಉಮಾ ಹಲ್ಲು ಕಚ್ಚಿ ನಿಂತಳು.

"ಒಪ್ಪಿಲ್ಲ ಅಂದ್ರೆ?" ಅಂದರು ಅವರು, ಮೆಲ್ಲಗೆ. "ನೀನು ಮನಸಾರೆ ಕೊಟ್ಟೀಯ ಅಂದ್ಲು ಕಸ್ತೂರಿ. ಕಣ್ಣಾರೆ ನೋಡಲಾರೆ, ನನ್ನನ್ನ ಬಿಟ್ಟು ಹೋಗ್ರಿ ಅಂತ ನೀನು ಕಣ್ಣೀರು ಹಾಕಿದಿ ಅಂದ್ಲು."

"ನನಗೆ ಜವಳ ಅಂದ್ರು ಭಾವಾರೆ. ಜವಳ ಒಂದೇ."

ಬಕ್ಕೇಶಪ್ಪನವರು ತಮ್ಮನ ಕಡೆ ತಿರುಗಿದರು. "ವಾಮದೇವ, ಅಜ್ಜಯ್ಯನ ಗದ್ದಿಗಿ ಮುಂದೆ ನಿಂತಾಗ ಅಯ್ಯನೋರು ನಿನಗೆ ಏನು ಕೇಳಿದ್ರು?"

ವಾಮದೇವಪ್ಪ ಗಜವನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ನಿಂತ.

"ಹೇಳಲೇ!"

"ಕೂಸಿನ ತಾಯಿದು ಒಪ್ಪಿಗಿ ಐತೇನಪ್ಪಾ ಅಂದ್ರು."

"ನೀನೇನಂದಿ?"

"ಐತೆ ಅಂದೆ."

ಅವನು ಅದನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ ಮುಂದೆ ಕೂತವರಿಗೆ ಕೇಳಿಸಿರಲಾರದು. ಉಮಾಳಿಗೆ ಕೇಳಿಸಿತು. ಕಸ್ತೂರಮ್ಮ ಮಾಡಿದ್ದನ್ನು ಕೇಳಿದಾಗ ಅವಳಿಗೆ ಸಿಟ್ಟು ಬಂದಿತ್ತು, ಸಂಕಟವಾಗಿತ್ತು. ಈಗ ಹಾಗೇನೂ ಆಗಲಿಲ್ಲ. ಮೈಯೆಲ್ಲ ತಣ್ಣಗಾಯಿತು. ಅಮಾವಾಸ್ಯೆಯಿಂದ ಈಚೆಗೆ ಈ ಮನುಷ್ಯ ದಿನಾ ಪಕ್ಕದಲ್ಲಿ ಮಲಗಿದ್ದಾನೆ. ಅವಳು ಬಡಿಸಿದ್ದನ್ನು ಉಂಡಿದ್ದಾನೆ. ಮಗನಿಗೆ ಹೊಸ ಅಂಗಿ ಹೊಲಿಸೋಣವೇ ಅಂತ ಅವಳು ಕೇಳಿದಾಗ, "ಹೊಲಿಸು" ಅಂದಿದ್ದಾನೆ.

"ಯಾಕ್ರೀ ಹಂಗಂದ್ರಿ?" ಅಂತ ಕೇಳಿದಳು.

"ಇಲ್ಲಾಂದ್ರೆ ತವರಿನಿಂದ ಅಣ್ಣನ ಮಗನ್ನ ತರ್ತೀನಿ ಅಂದ್ರು ಅತ್ತಿಗಿ. ನಾಳೆ ಈ ಅಂಗಡಿ ಬ್ಯಾರೇರ ಪಾಲಾಗ್ತಿತ್ತು. ನಮ್ಮ ಹುಡುಗ ಎಲ್ಲಿಗೆ ಹೋದ? ಅದೇ ಮನಿ, ಅದೇ ನಡುಮನಿ. ನಿನಗೆ ಹೇಳಿದ್ರೆ ಒಪ್ಪತಿರಲಿಲ್ಲ. ಆಮ್ಯಾಲೆ ನಿಧಾನಕ್ಕೆ ಹೇಳಿದ್ರಾತು ಅಂತ... ಹೆಂಗೂ ನೀನು ದಿನಾ ಸ್ಕೂಲಿಗೆ ಹೋಕ್ಕೀಯಲ್ಲ..."

ಬಕ್ಕೇಶಪ್ಪನವರು ಎದ್ದು ಗಿರಾಕಿಗಳಿಗೆ ಕೈ ಮುಗಿದರು. "ಇವತ್ತು ಅಂಗಡಿ ಬಂದ್ ಮಾಡ್ತೀವ್ರಿ. ನಾಳೆ ದಯಮಾಡ್ರಿ." ಆಮೇಲೆ ಉಮಾಳಿಗೆ, ಗೋಡೆಯ ಕಡೆ ತಿರುಗದೆ, ನೇರವಾಗಿ ಹೇಳಿದರು: "ಕದ್ದ ಕೂಸು ನನಗೆ ಬ್ಯಾಡವ್ವ. ನಡಿ, ಮನಿಗೆ ಹೋಗಾಣ."

ಮನೆಯಲ್ಲಿ ಹೆಚ್ಚು ಮಾತಾಗಲಿಲ್ಲ. "ಕೂಸನ್ನ ಅವರವ್ವಗೆ ಕೊಡು," ಅಂದರು ಬಕ್ಕೇಶಪ್ಪನವರು. ಕಸ್ತೂರಮ್ಮ ಗಂಡನ ಮುಖ ನೋಡಿದಳು, ಮೈದುನನ ಮುಖ ನೋಡಿದಳು. ವಾಮದೇವಪ್ಪ ಬಾಗಿಲಲ್ಲೇ ನಿಂತಿದ್ದ. ಆಕೆಯ ಪರವಾಗಿಯೂ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಆಕೆ ಹುಡುಗನ ಬೆರಳುಗಳನ್ನು ಒಂದೊಂದಾಗಿ ತನ್ನ ಸರದಿಂದ ಬಿಡಿಸಿ ಉಮಾಳ ಕೈಗೆ ಕೊಟ್ಟು, ದೇವರ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ಹುಡುಗ ಆ ಬಾಗಿಲಿಗೆ ಕೈ ಚಾಚಿ "ಅವ್ವಾ, ಅವ್ವಾ" ಅಂತ ಉಸಿರು ಕಟ್ಟುವ ತನಕ ಅತ್ತ. ತನ್ನ ಮಗ ತನ್ನ ತೋಳಿನಲ್ಲೇ ಅವ್ವನಿಗಾಗಿ ಅಳುವುದನ್ನು ಉಮಾ ನಿಂತು ಕೇಳಬೇಕಾಯಿತು.

ಮರುದಿನ ಗಿರಣಿ ಕೂಗಿತು. ಉಮಾ ಸೀರೆ ಉಟ್ಟು, ಹುಡುಗನನ್ನು ಎತ್ತಿಕೊಂಡು ಹೊರಬಂದರೆ ಕಸ್ತೂರಮ್ಮ ನಡುಮನೆಯಲ್ಲಿ ನಿಂತಿದ್ದಳು. ಮುಖ ಊದಿಕೊಂಡಿತ್ತು, ಕೈಯಲ್ಲಿ ಕಾಸಿ ಆರಿಸಿದ ಹಾಲು. ನಿನ್ನೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಇನ್ನೊಂದು ತೋಳು ಚಾಚಿದಳು.

"ಕೊಡು. ನಿನಗೆ ರೈಲಿಗೆ ಹೊತ್ತಾಗ್ತೈತೆ."

ಹುಡುಗ ಆಗಲೇ ಅತ್ತ ಹಾರುತ್ತಿದ್ದ. ಕೊಟ್ಟುಬಿಟ್ಟರೆ ಎಷ್ಟು ಸುಲಭ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆ ಕೈಗಳಷ್ಟು ಚೆನ್ನಾಗಿ ತನ್ನ ಮಗನನ್ನು ನೋಡಿಕೊಳ್ಳುವ ಕೈ ಊರಲ್ಲಿ ಇನ್ನೊಂದಿಲ್ಲ ಅಂತ ಉಮಾಳಿಗೆ ಗೊತ್ತಿತ್ತು. ಅವಳು ಹಾಲಿನ ಲೋಟ ತೆಗೆದುಕೊಂಡು ನಿಂತಲ್ಲೇ ಹುಡುಗನಿಗೆ ಕುಡಿಸಿ, ಲೋಟ ಹಿಂದಕ್ಕೆ ಕೊಟ್ಟು, ಅವನನ್ನು ಸೊಂಟಕ್ಕೇರಿಸಿ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹಿಂದಿನಿಂದ ವಾಮದೇವಪ್ಪ "ಉಮಾ, ಸಂಜಿಗೆ ಬರ್ತೀಯಲ್ಲ?" ಅಂದ. ಅವಳು ತಿರುಗಲಿಲ್ಲ.

ಅನ್ನಪೂರ್ಣಮ್ಮ ಹರಿಹರೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ಅವಳಿಗೊಂದು ಕೋಣೆ ನೋಡಿಕೊಟ್ಟರು. ಕೆಲವು ದಿನ ಉಮಾ ಹುಡುಗನನ್ನು ಕ್ಲಾಸಿನ ಮೂಲೆಯಲ್ಲೇ ಗೋಣಿತಟ್ಟು ಹಾಸಿ ಕೂಡಿಸಿಕೊಂಡು ಪಾಠ ಮಾಡಿದಳು. ಅವನು ಬಳಪ ತಿಂದ, ಮಕ್ಕಳ ಜಡೆ ಎಳೆದ, ಸಾಯಂಕಾಲವಾದರೆ ಬಾಗಿಲ ಹತ್ತಿರ ಹೋಗಿ ಅವ್ವನನ್ನು ಕರೆದ. ಒಂದು ದಿನ ಅನ್ನಪೂರ್ಣಮ್ಮ ಕರೆದು ಹೇಳಿದರು.

"ಹಿಂಗೆ ಎಷ್ಟು ದಿವಸ ಆಗ್ತೈತವ್ವ? ಮೇಲಿನೋರು ನೋಡಿದ್ರೆ ನಿನ್ನ ಕೆಲಸಕ್ಕೇ ಬರ್ತೈತೆ. ಸುಂಕಲಮ್ಮ ಅಂತ ಐದಾಳೆ, ನಂಬಿಗಸ್ತಿ. ಆಕಿ ಹತ್ರ ಬಿಡು."

"ನಮ್ಮಕ್ಕಾನೂ ನಂಬಿಗಸ್ತಿನೇ ಇದ್ಲು ಮೇಡಮ್."

"ಹಂಗಂತ ಕೂಸನ್ನ ಹೊಟ್ಟ್ಯಾಗ ವಾಪಸ್ ಇಟ್ಕಣಾಕ ಆಗ್ತೈತೇನು?"

ಸುಂಕಲಮ್ಮ ಮಕ್ಕಳು ಮೊಮ್ಮಕ್ಕಳನ್ನು ಕಂಡ ಹೆಂಗಸು. ಬಂದವಳೇ ಹುಡುಗನ ಮೂಗು ಸೆರಗಿನಿಂದ ಒರೆಸಿದಳು. ಸಂಬಳದ ಮಾತು, ಊಟದ ಮಾತು ಮುಗಿದ ಮೇಲೆ ಉಮಾ ಕೇಳಿದಳು.

"ಇವನು ನಿನ್ನನ್ನ ಏನಂತ ಕರೀತಾನೆ?"

"ಏನಂತಾರ ಕರೀಲಿ ಬಿಡ್ರವ್ವ. ಬಾಯಿ ತುಂಬ ಕರದ್ರೆ ಸಾಕು."

"ಅಜ್ಜಿ ಅನ್ನಲಿ. ಅವ್ವ ಅನ್ನಕೂಡದು. ಅವನಾಗೇ ಅಂದ್ರೂ ತಿದ್ದಬೇಕು. ನಾನಿಲ್ದಾಗ ಯಾರು ಬಂದು ಕೇಳಿದ್ರೂ ಕೊಡಕೂಡದು. ಅವರಪ್ಪ ಬಂದ್ರೂ."

ಸುಂಕಲಮ್ಮ ಅವಳ ಮುಖ ಒಂದು ಗಳಿಗೆ ನೋಡಿದಳು. "ಆತು ಬಿಡ್ರಿ," ಅಂದಳು.

ಆದರೂ ಉಮಾ ಮಧ್ಯಾಹ್ನದ ಬಿಡುವಿನಲ್ಲಿ ಉಣ್ಣದೆ ಓಡಿ ಬಂದು ಕಿಟಕಿಯಲ್ಲಿ ಇಣುಕುತ್ತಿದ್ದಳು. ಸುಂಕಲಮ್ಮ ಹುಡುಗನನ್ನು ಮುದ್ದು ಮಾಡುತ್ತಿದ್ದರೆ ಎದೆ ಚುರ್ ಅನ್ನುತ್ತಿತ್ತು. ಮುದ್ದು ಮಾಡದೆ ಸುಮ್ಮನೆ ಕೂತಿದ್ದರೂ ಚುರ್ ಅನ್ನುತ್ತಿತ್ತು.

ಯುಗಾದಿಗೆ ಮುಂಚೆ ಒಂದು ಸಂಜೆ ಶಾಲೆಯಿಂದ ಬಂದಾಗ ಕಸ್ತೂರಮ್ಮ ಜಗಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಉಂಡೆಯ ಡಬ್ಬಿ. ಬಾಗಿಲು ಒಳಗಿನಿಂದ ಹಾಕಿತ್ತು. ಸುಂಕಲಮ್ಮ ಹೇಳಿದಂತೆ ನಡೆದುಕೊಂಡಿದ್ದಳು. ಕಸ್ತೂರಮ್ಮ ಸೊರಗಿಹೋಗಿದ್ದಳು.

"ದೂರದಿಂದ ನೋಡಿ ಹೋಕ್ಕೀನಿ ಉಮಾ."

ಉಮಾ ಅಲ್ಲೇ ನಿಂತಳು. "ಒಂದು ಮಾತು ಕೇಳ್ತೀನಿ. ಕೆಲಸ ಬಿಡಬ್ಯಾಡ ಅಂತ ಭಾವಾರ ಜತಿ ಜಗಳಾಡಿದ್ರಲ್ಲ, ಅವತ್ತೇ ನಿಮ್ಮ ಮನಸಿನಾಗ ಇದು ಇತ್ತೇನು?"

ಕಸ್ತೂರಮ್ಮ ಡಬ್ಬಿಯ ಮುಚ್ಚಳ ಒತ್ತಿ ಸರಿಮಾಡಿದಳು. "ಇತ್ತು ಅಂದ್ರೆ ನೀನು ಮುಖ ನೋಡಲ್ಲ. ಇಲ್ಲ ಅಂದ್ರೆ ನಂಬಲ್ಲ. ಏನಂತ ಹೇಳಲಿ?"

ಈ ಸಲ ಸುಳ್ಳು ಹೇಳಲಿಲ್ಲವಲ್ಲ, ಉಮಾಳಿಗೆ ಅಷ್ಟೇ ಸಾಕಾಯಿತು. ಅವಳು ಬಾಗಿಲು ತೆಗೆಸಿದಳು. ಹುಡುಗ ಹೊಸ್ತಿಲ ಹತ್ತಿರ ಬಂದು ಕಸ್ತೂರಮ್ಮನನ್ನು ನೋಡಿ, "ಅವ್ವ" ಅಂದ. ಅಂದು ಉಮಾಳ ಕಡೆ ತಿರುಗಿ ನೋಡಿದ, ತಪ್ಪು ಮಾಡಿದವನ ಹಾಗೆ. ಎರಡು ವರ್ಷದ ಕೂಸಿನ ಮುಖದಲ್ಲಿ ಆ ಅಂಜಿಕೆ ಕಂಡು ಇಬ್ಬರೂ ಹೆಂಗಸರು ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು. ಕಸ್ತೂರಮ್ಮ ಅವನನ್ನು ಎತ್ತಿಕೊಳ್ಳಲಿಲ್ಲ. ಉಂಡೆಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಬಸ್ಸಿಗೆ ಹೋದಳು.

ಬಕ್ಕೇಶಪ್ಪನವರು ಮುಂದೆ ಯಾರನ್ನೂ ದತ್ತು ತೆಗೆದುಕೊಳ್ಳಲಿಲ್ಲ. ಭಾನುವಳ್ಳಿಯ ಅಯ್ಯನವರನ್ನು ಕರೆಸಿ, ಉಕ್ಕಡಗಾತ್ರಿಯಲ್ಲಿ ಆದದ್ದು ಆಗಲೇ ಇಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿದರಂತೆ. ವಾಮದೇವಪ್ಪ ಮೊದಮೊದಲು ಭಾನುವಾರಕ್ಕೊಮ್ಮೆ ಬಂದು ಜಗಲಿಯ ಮೇಲೆ ಕೂತು ಹೋಗುತ್ತಿದ್ದ. ಮಳೆಗಾಲದ ಹೊತ್ತಿಗೆ ಹಾಸಿಗೆ ಕಟ್ಟಿಕೊಂಡು ಹರಿಹರಕ್ಕೇ ಬಂದ. ಅಲ್ಲಿಂದಲೇ ಅಂಗಡಿಗೆ ರೈಲಿನಲ್ಲಿ ಹೋಗಿ ಬರತೊಡಗಿದ. ಉಮಾ ಬರಬೇಡ ಅನ್ನಲಿಲ್ಲ. ಅಡಿಗೆ ಮಾಡಿ ಬಡಿಸಿದಳು, ಬಟ್ಟೆ ಒಗೆದು ಮಡಿಸಿಟ್ಟಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅವನು ತಪ್ಪಾಯಿತು ಅಂದಾಗ, "ಆತು ಬಿಡ್ರಿ" ಅಂದಳು.

ಹೊಳೆಗೆ ಹೊಸ ನೀರು ಬಂದಿದೆ ಅಂತ ಒಂದು ಭಾನುವಾರ ಊರೆಲ್ಲ ನೋಡಲು ಹೊರಟಿತ್ತು. ವಾಮದೇವಪ್ಪ ಮಗನಿಗೆ ಅಂಗಿ ತೊಡಿಸಿ ಹೆಗಲ ಮೇಲೆ ಕೂಡಿಸಿಕೊಂಡ.

"ಸೇತುವೆತನಕ ಹೋಗಿ ನೀರು ತೋರಿಸಿಕೆಂಡು ಬರ್ತೀನಿ."

ಉಮಾ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈ ತೊಳೆದುಕೊಂಡು, ಒಲೆಯಿಂದ ಹಂಚು ಇಳಿಸಿದಳು.

"ನಡ್ರಿ, ನಾನೂ ಬರ್ತೀನಿ."

"ನೀ ಯಾಕ? ರೊಟ್ಟಿ ಮುಗಿಸು. ಈಗ ಹೋಗಿ ಈಗ ಬರ್ತೀವಿ." ಅವಳು ಸೆರಗು ಸರಿಮಾಡಿಕೊಳ್ಳುತ್ತಿರುವುದನ್ನು ನೋಡಿ ಅವನ ದನಿ ಇಳಿಯಿತು. "ಇಷ್ಟು ದಿವಸ ಆತು. ಇನ್ನೂ ನನ್ನ ಮ್ಯಾಲೆ ನಂಬಿಕಿ ಇಲ್ಲೇನು ಉಮಾ?"

"ಇಲ್ರಿ," ಅಂದಳು ಅವಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಅವರ ಪಕ್ಕದಲ್ಲಿ ನಡೆದಳು.